ಖಾಲಿ ಸಂಪು, ತುಂಬಿದ ಅಂಕಿ: ಪಂಪ್ ಪ್ಯಾನೆಲ್‌ನಲ್ಲಿ ಫೋರ್ಸ್ ಪರೀಕ್ಷೆಯ ದಾಖಲೆ

ಇದು ಬೆಂಗಳೂರಿನ ಹೊರವಲಯದ ಒಂದು ಅಪಾರ್ಟ್‌ಮೆಂಟ್ ಸಮುಚ್ಚಯದ ಪಂಪ್ ಹೌಸ್ ಪ್ಯಾನೆಲ್ ಅನ್ನು ದುರಸ್ತಿ ಮಾಡಿದ ದಾಖಲೆ. ನೆಲದಡಿಯ ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ನೀರೆತ್ತಲು ಅಲ್ಲಿ 5 ಎಚ್‌ಪಿಯ ಎರಡು ಪಂಪುಗಳಿವೆ; ಎರಡಕ್ಕೂ ಡಿಒಎಲ್ ಸ್ಟಾರ್ಟರ್, ಅಂದರೆ ಕಾಂಟ್ಯಾಕ್ಟರ್ ಎಂಬ ವಿದ್ಯುತ್ಕಾಂತೀಯ ಸ್ವಿಚ್ ಮೂಲಕ ಮೋಟಾರನ್ನು ನೇರವಾಗಿ ಲೈನಿಗೆ ಜೋಡಿಸುವ ವ್ಯವಸ್ಥೆ. ನಿಯಂತ್ರಣಕ್ಕೆ ಸೀಮೆನ್ಸ್ ಎಸ್7-1200 ಸರಣಿಯ 1214ಸಿ ಸಿಪಿಯು (ಪಿಎಲ್‌ಸಿ, ಅಂದರೆ ಪ್ರೋಗ್ರಾಂ ಮಾಡಬಹುದಾದ ನಿಯಂತ್ರಕ), ಅದರ ಪಕ್ಕದಲ್ಲಿ ನಾಲ್ಕು ಅನಲಾಗ್ ಇನ್‌ಪುಟ್‌ಗಳ ಎಸ್‌ಎಂ 1231 ಮಾಡ್ಯೂಲ್, ಬಾಗಿಲ ಮೇಲೆ ಆಪರೇಟರ್ ನೋಡುವ ಚಿಕ್ಕದೊಂದು ಎಚ್‌ಎಂಐ ಪರದೆ. ಸಂಪಿನಲ್ಲಿಯೂ ಮೇಲಿನ ಟ್ಯಾಂಕಿನಲ್ಲಿಯೂ ನೀರಿನ ಮಟ್ಟ ಅಳೆಯುವ, ಎರಡು ತಂತಿಯ 4–20 ಮಿಲಿಆಂಪ್ ಟ್ರಾನ್ಸ್‌ಮಿಟರ್‌ಗಳಿವೆ. ಸಂಪಿನ ಆಳ 4 ಮೀಟರ್ ಆದ್ದರಿಂದ 4 ಮಿಲಿಆಂಪ್ ಎಂದರೆ ಖಾಲಿ, 20 ಮಿಲಿಆಂಪ್ ಎಂದರೆ ಪೂರ್ತಿ 4 ಮೀಟರ್.

ದೂರು ಹೀಗಿತ್ತು. ಸಂಪಿನ ನೀರು 0.6 ಮೀಟರ್‌ಗಿಂತ ಕೆಳಗಿಳಿದರೆ ಪಂಪ್ ನಿಲ್ಲಬೇಕು. ಸಾಮಾನ್ಯವಾಗಿ ನಿಲ್ಲುತ್ತದೆ. ಆದರೆ ಟ್ಯಾಂಕರ್ ಬಾರದ ಒಂದು ರಾತ್ರಿ ಒಂದನೇ ಪಂಪ್ ಖಾಲಿ ಸಂಪಿನ ಮೇಲೆಯೇ ಓಡಿ, ಮೆಕ್ಯಾನಿಕಲ್ ಸೀಲ್ ಸುಟ್ಟುಹೋಗಿತ್ತು. ಸೀಲ್ ಬದಲಾಯಿಸಿದವರು ಡ್ರೈ ರನ್ ರಕ್ಷಣೆಯನ್ನು ಪರೀಕ್ಷಿಸಿ ಸರಿಯಿದೆ ಎಂದು ಬರೆದುಕೊಟ್ಟಿದ್ದರು. ಆ ಹಾಳೆ ಪ್ಯಾನೆಲ್ ಬಾಗಿಲ ಒಳಬದಿಯ ಚೀಲದಲ್ಲಿಯೇ ಇತ್ತು: "ಸಂಪ್ ಸೆನ್ಸರ್ ಫೇಲ್ ಟೆಸ್ಟ್ – ಐಡಬ್ಲ್ಯು96 ಫೋರ್ಸ್ 0 – ಪಂಪ್ ಆಫ್ – ಓಕೆ." ಐಡಬ್ಲ್ಯು96 ಎಂದರೆ ಸಂಪಿನ ಮಟ್ಟ ಓದುವ ಇನ್‌ಪುಟ್‌ನ ವಿಳಾಸ; ಫೋರ್ಸ್ ಎಂದರೆ ನಿಜವಾದ ಅಳತೆಯ ಬದಲು ನಾವು ಕೊಟ್ಟ ಅಂಕಿಯನ್ನೇ ಪಿಎಲ್‌ಸಿ ಬಳಸುವಂತೆ ಬಲವಂತ ಮಾಡುವುದು. ಇದಾದ ಮೇಲೂ ಪಂಪ್ ಮತ್ತೊಮ್ಮೆ ಒಣಗಿ ಓಡಿದ್ದರಿಂದ ಕೆಲಸ ನನ್ನ ಬಳಿಗೆ ಬಂದಿತು.

ಪಂಪ್ ಆಪರೇಟರ್ ಹಲವು ವರ್ಷಗಳಿಂದ ಅಲ್ಲಿಯೇ ಇರುವ ಹಿರಿಯರು. ಆ ದಿನ ಪರದೆಯ ಮೇಲೆ ಏನಿತ್ತು ಎಂದು ಕೇಳಿದಾಗ ಅವರು ಕೊಟ್ಟ ಉತ್ತರವೇ ಇಡೀ ಕೆಲಸಕ್ಕೆ ದಾರಿ ತೋರಿಸಿತು. "ಸರ್, ಮುಚ್ಚಳ ತೆಗೆದು ನೋಡಿದರೆ ತಳ ಕಾಣ್ತಾ ಇತ್ತು. ಪರದೆ ಮೇಲೆ ಮಾತ್ರ 4.74 ಅಂತ ಬರ್ತಿತ್ತು. ನಮ್ಮ ಸಂಪು ಇರೋದೇ ನಾಲ್ಕು ಮೀಟರ್ ಅಲ್ಲವಾ, ಅದಕ್ಕೇ ನೆನಪಿದೆ." ನಾಲ್ಕು ಮೀಟರ್ ಸಂಪಿನಲ್ಲಿ 4.74 ಮೀಟರ್ ನೀರು ಇರಲು ಸಾಧ್ಯವಿಲ್ಲ. ಹಾಗಾದರೆ ಆ ಅಂಕಿ ನೀರಿನದ್ದಲ್ಲ, ಮಾಡ್ಯೂಲಿನದ್ದು.

ಲೆಕ್ಕ ಸರಳ. ಎಸ್‌ಎಂ 1231 ಮಾಡ್ಯೂಲ್ 4 ಮಿಲಿಆಂಪ್‌ಗೆ 0 ಎಂದೂ 20 ಮಿಲಿಆಂಪ್‌ಗೆ 27648 ಎಂದೂ ಸಿಪಿಯುಗೆ ತಿಳಿಸುತ್ತದೆ. ಪ್ರೋಗ್ರಾಂ ಈ ಅಂಕಿಯನ್ನು 27648ರಿಂದ ಭಾಗಿಸಿ 4ರಿಂದ ಗುಣಿಸಿ ಮೀಟರ್‌ಗೆ ತಿರುಗಿಸುತ್ತದೆ. 4.74 ಮೀಟರ್ ಬರಬೇಕಾದರೆ ಮೂಲದ ಅಂಕಿ 32767 ಆಗಿರಬೇಕು. 16 ಬಿಟ್‌ನ ಚಿಹ್ನೆಸಹಿತ ಪೂರ್ಣಾಂಕದ ತುತ್ತತುದಿ ಅದು. ಈ ಮಾಡ್ಯೂಲಿನ ಕೈಪಿಡಿಯ ಪ್ರಕಾರ 4–20 ಮಿಲಿಆಂಪ್ ವ್ಯಾಪ್ತಿಯಲ್ಲಿ ಕರೆಂಟು 22.81 ಮಿಲಿಆಂಪ್ ಮೀರಿದರೂ 32767 ಬರುತ್ತದೆ, 1.185 ಮಿಲಿಆಂಪ್‌ಗಿಂತ ಇಳಿದರೂ, ಅಂದರೆ ತಂತಿ ಕಡಿದರೂ, ಅದೇ 32767 ಬರುತ್ತದೆ. ವೈರ್ ಬ್ರೇಕ್ ಎಚ್ಚರಿಕೆಯನ್ನು ಹಾರ್ಡ್‌ವೇರ್ ಸಂರಚನೆಯಲ್ಲಿ ಆನ್ ಮಾಡಿದ್ದರೂ ಇಲ್ಲದಿದ್ದರೂ ಈ ಅಂಕಿ ಬದಲಾಗುವುದಿಲ್ಲ. ನಮ್ಮ ಪ್ಯಾನೆಲ್‌ನಲ್ಲಿ ಆ ಎಚ್ಚರಿಕೆ ಆಫ್ ಆಗಿತ್ತು.

ಹೀಗಾಗಿ ತಂತಿ ಕಡಿದ ಸಂಪು ಪ್ರೋಗ್ರಾಮಿನ ಕಣ್ಣಿಗೆ ತುಂಬಿ ತುಳುಕುವ ಸಂಪಾಗಿ ಕಾಣುತ್ತದೆ. ಸೊನ್ನೆಯನ್ನು ಫೋರ್ಸ್ ಮಾಡಿ ನಡೆಸಿದ ಪರೀಕ್ಷೆ ಇದನ್ನು ಎಂದಿಗೂ ಹಿಡಿಯಲಾರದು. "ಸೆನ್ಸರ್ ಕೆಟ್ಟರೆ ಸೊನ್ನೆ ಬರುತ್ತದೆ" ಎಂಬುದು ಪರೀಕ್ಷಿಸಿದವರ ಊಹೆಯಾಗಿತ್ತು. ಫೋರ್ಸ್ ಟೇಬಲ್ (ಲ್ಯಾಪ್‌ಟಾಪ್‌ನಲ್ಲಿ ಫೋರ್ಸ್ ಮೌಲ್ಯ ತುಂಬುವ ಪಟ್ಟಿ) ಆ ಊಹೆಯನ್ನೇ ಪ್ರೋಗ್ರಾಮಿಗೆ ಉಣಿಸಿ, ಅದಕ್ಕೆ ತಕ್ಕ ಉತ್ತರವನ್ನು ಹಿಂದಿರುಗಿಸಿತು. ನಿಜವಾದ ಮಾಡ್ಯೂಲ್ ಏನು ಹೇಳುತ್ತದೆ ಎಂದು ಅಲ್ಲಿ ಯಾರೂ ಕೇಳಿರಲಿಲ್ಲ.

ಫೋರ್ಸ್ ಎಲ್ಲಿ ಕೂರುತ್ತದೆ

ಮುಂದಿನ ಕೆಲಸಕ್ಕೆ ಇದು ಮುಖ್ಯವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಪಿಎಲ್‌ಸಿ ಪ್ರತಿ ಸ್ಕ್ಯಾನ್‌ನಲ್ಲಿ ಇನ್‌ಪುಟ್‌ಗಳನ್ನು ಓದಿ ತನ್ನ ನೆನಪಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳುತ್ತದೆ, ಆ ಪ್ರತಿಯ ಮೇಲೆ ಪ್ರೋಗ್ರಾಂ ನಡೆಸುತ್ತದೆ, ಫಲಿತಾಂಶವನ್ನು ಔಟ್‌ಪುಟ್‌ಗಳಿಗೆ ಬರೆಯುತ್ತದೆ. ವಾಚ್ ಟೇಬಲ್‌ನಿಂದ, ಅಂದರೆ ಮೌಲ್ಯಗಳನ್ನು ಲ್ಯಾಪ್‌ಟಾಪ್‌ನಲ್ಲಿ ನೋಡುವ ಪಟ್ಟಿಯಿಂದ, ಒಂದು ಇನ್‌ಪುಟ್ ಬಿಟ್ ಅನ್ನು ಮಾಡಿಫೈ ಮಾಡಿದರೆ (ಬದಲಿಸಿದರೆ) ಮುಂದಿನ ಸ್ಕ್ಯಾನ್‌ನಲ್ಲಿ ನಿಜವಾದ ಇನ್‌ಪುಟ್ ಅದನ್ನು ಅಳಿಸಿಹಾಕುತ್ತದೆ. ಆದ್ದರಿಂದ ಇನ್‌ಪುಟ್‌ಗಳಿಗೆ ಫೋರ್ಸ್ ಬೇಕಾಗುತ್ತದೆ. ಎಸ್7-1200ರಲ್ಲಿ ಫೋರ್ಸ್ ಮಾಡಲು ಸಾಧ್ಯವಿರುವುದು ಪೆರಿಫೆರಲ್ ಇನ್‌ಪುಟ್ ಮತ್ತು ಔಟ್‌ಪುಟ್‌ಗಳನ್ನು ಮಾತ್ರ, ಅಂದರೆ ವಿಳಾಸದ ಕೊನೆಗೆ ಕೋಲನ್ ಮತ್ತು ಪಿ ಅಕ್ಷರ ಇರುವಂಥವನ್ನು. ಎಂ ಮೆಮೊರಿ ಅಥವಾ ಡೇಟಾ ಬ್ಲಾಕ್‌ನ, ಅಂದರೆ ಪ್ರೋಗ್ರಾಮಿನ ಒಳಗಿನ ನೆನಪಿನ, ಮೌಲ್ಯಗಳನ್ನು ಫೋರ್ಸ್ ಮಾಡಲಾಗದು, ಮಾಡಿಫೈ ಮಾಡಬಹುದು ಅಷ್ಟೆ.

ಇನ್‌ಪುಟ್ ಅನ್ನು ಫೋರ್ಸ್ ಮಾಡಿದಾಗ, ನಿಜವಾದ ಮೌಲ್ಯ ಓದಿದ ನಂತರ ಮತ್ತು ಪ್ರೋಗ್ರಾಂ ಅದನ್ನು ನೋಡುವ ಮೊದಲು ಫೋರ್ಸ್ ಮೌಲ್ಯ ಮಧ್ಯೆ ಬಂದು ಕೂರುತ್ತದೆ. ಟ್ರಾನ್ಸ್‌ಮಿಟರ್, ಕೇಬಲ್, ಜಂಕ್ಷನ್ ಬಾಕ್ಸ್, ಟರ್ಮಿನಲ್, ಮಾಡ್ಯೂಲಿನ ಪರಿವರ್ತಕ, ಇನ್‌ಪುಟ್ ಫಿಲ್ಟರ್ ಇವೆಲ್ಲವೂ ಅದರ ಹಿಂದೆಯೇ ಉಳಿದುಬಿಡುತ್ತವೆ. ಔಟ್‌ಪುಟ್‌ನ ಫೋರ್ಸ್ ಇದರ ಪ್ರತಿಬಿಂಬ. ಪ್ರೋಗ್ರಾಂ ಮುಗಿದ ಮೇಲೆ, ಔಟ್‌ಪುಟ್ ಹೊರಗೆ ಹೋಗುವ ಹಂತದಲ್ಲಿ ಅದು ಕೂರುತ್ತದೆ. ಆದ್ದರಿಂದ ಇನ್‌ಪುಟ್ ಫೋರ್ಸ್ ಪ್ರೋಗ್ರಾಮನ್ನು ಪರೀಕ್ಷಿಸುತ್ತದೆಯೇ ಹೊರತು ವೈರಿಂಗ್ ಅನ್ನಲ್ಲ. ಔಟ್‌ಪುಟ್ ಫೋರ್ಸ್ ವೈರಿಂಗ್ ಅನ್ನು ಪರೀಕ್ಷಿಸುತ್ತದೆಯೇ ಹೊರತು ಪ್ರೋಗ್ರಾಮನ್ನಲ್ಲ. ಸರಪಳಿಯಲ್ಲಿ ಮೌಲ್ಯವನ್ನು ಎಷ್ಟು ಹಿಂದಿನಿಂದ ಒಳಬಿಡುತ್ತೇವೆಯೋ ಅಷ್ಟು ಹೆಚ್ಚು ಭಾಗ ಪರೀಕ್ಷೆಗೆ ಒಳಪಡುತ್ತದೆ. ಸಾಧ್ಯವಾದರೆ ಟ್ರಾನ್ಸ್‌ಮಿಟರ್‌ನಿಂದಲೇ ಬಿಡಬೇಕು. ಹಾರ್ಟ್ (ಅದೇ ಎರಡು ತಂತಿಗಳ ಮೇಲೆ ಡಿಜಿಟಲ್ ಸಂವಹನ) ಸೌಲಭ್ಯವಿರುವ ಟ್ರಾನ್ಸ್‌ಮಿಟರ್‌ಗಳಲ್ಲಿ ಲೂಪ್ ಟೆಸ್ಟ್ ಆಯ್ದು 4, 12, 20 ಮಿಲಿಆಂಪ್‌ಗಳನ್ನು ಸ್ಥಿರವಾಗಿ ಹೊರಡಿಸಬಹುದು. ನಮ್ಮಲ್ಲಿದ್ದವು ಸಾಧಾರಣ ಟ್ರಾನ್ಸ್‌ಮಿಟರ್‌ಗಳಾದ್ದರಿಂದ ಅದರ ನಂತರದ ಜಾಗ, ಅಂದರೆ ಟರ್ಮಿನಲ್, ನಮ್ಮ ಪಾಲಿಗೆ ಉಳಿಯಿತು. ಅದಕ್ಕಾಗಿ ಒಂದು ಪೆಟ್ಟಿಗೆ ಕಟ್ಟಿದೆ.

ಪೆಟ್ಟಿಗೆ

ಬೇಕಾಗಿದ್ದು ಎರಡು ಚಾನೆಲ್‌ಗಳ ಕರೆಂಟ್ ಮೂಲ. ಪ್ರತಿ ಚಾನೆಲ್ ಸೊನ್ನೆಯಿಂದ 25 ಮಿಲಿಆಂಪ್‌ವರೆಗೆ ಹೋಗಬೇಕು. 4ರಿಂದ 20ರವರೆಗೆ ಮಾತ್ರ ಹೋಗುವ ಪೆಟ್ಟಿಗೆ ಸರಿಯಾದ ಸೆನ್ಸರನ್ನು ಮಾತ್ರ ಅನುಕರಿಸಬಲ್ಲದು, ಕೆಟ್ಟ ಸೆನ್ಸರನ್ನು ಅನುಕರಿಸಲಾರದು. ಮೊದಲು ಎಲ್‌ಎಂ317 ವೋಲ್ಟೇಜ್ ರೆಗ್ಯುಲೇಟರ್ ಬಳಸುವ ಸುಲಭದ ಸರ್ಕ್ಯೂಟ್ ನೆನಪಾಯಿತು, ಆದರೆ ಅದನ್ನು ಕೈಬಿಟ್ಟೆ. ಆ ಐಸಿ ನಿಯಂತ್ರಣದಲ್ಲಿ ಉಳಿಯಲು ಬೇಕಾದ ಕನಿಷ್ಠ ಕರೆಂಟು ಸಾಮಾನ್ಯವಾಗಿ 3.5 ಮಿಲಿಆಂಪ್, ಕೆಲವು ಬಿಡಿಗಳಲ್ಲಿ 10 ಮಿಲಿಆಂಪ್‌ವರೆಗೂ ಇರಬಹುದು ಎಂದು ಅದರ ಡೇಟಾಶೀಟ್ ಹೇಳುತ್ತದೆ. ನಮಗೆ ಅತ್ಯಂತ ಮುಖ್ಯವಾದ ಕೆಳತುದಿಯಲ್ಲಿಯೇ ಅದು ನಂಬಿಕೆಗೆ ಅರ್ಹವಲ್ಲ.

ಆದ್ದರಿಂದ ಎಲ್‌ಎಂ358 ಆಪ್ ಆಂಪ್, ಐಆರ್‌ಎಫ್540 ಮಾಸ್‌ಫೆಟ್ ಮತ್ತು ಒಂದು ಶೇಕಡಾ ನಿಖರತೆಯ 100 ಓಮ್ ಮೆಟಲ್ ಫಿಲ್ಮ್ ರೆಸಿಸ್ಟರ್‌ನಿಂದ ಕಟ್ಟಿದೆ. ಎಲ್ಲವೂ ಎಸ್.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುವ ಬಿಡಿಗಳು. ಟಿಎಲ್431 ರೆಫರೆನ್ಸ್ ಐಸಿ ಕೊಡುವ 2.5 ವೋಲ್ಟ್ ಅನ್ನು ಹತ್ತು ಸುತ್ತಿನ 10 ಕಿಲೋಓಮ್ ಪೊಟೆನ್ಷಿಯೊಮೀಟರ್‌ನಿಂದ ಭಾಗಿಸಿ ಆಪ್ ಆಂಪ್‌ಗೆ ಕೊಡಲಾಗಿದೆ. ರೆಸಿಸ್ಟರ್ ಮೇಲೆ ಅಷ್ಟೇ ವೋಲ್ಟೇಜ್ ಬರುವಂತೆ ಅದು ಮಾಸ್‌ಫೆಟ್ ಅನ್ನು ತೆರೆಯುತ್ತದೆ. 0.4 ವೋಲ್ಟ್‌ಗೆ 4 ಮಿಲಿಆಂಪ್, 2 ವೋಲ್ಟ್‌ಗೆ 20 ಮಿಲಿಆಂಪ್. ಸಾಧಾರಣ ಟ್ರಾನ್ಸಿಸ್ಟರ್ ಬಳಸಿದರೆ ಬೇಸ್ ಕರೆಂಟು ರೆಸಿಸ್ಟರ್ ಮೂಲಕ ಹರಿದು ಲೆಕ್ಕ ತುಸು ತಪ್ಪುತ್ತದೆ. ಮಾಸ್‌ಫೆಟ್‌ನ ಗೇಟ್ ಕರೆಂಟು ಎಳೆಯುವುದಿಲ್ಲ. ಆದರೆ ಐಆರ್‌ಎಫ್540ರ ಗೇಟ್ ಕೆಪ್ಯಾಸಿಟನ್ಸ್ ದೊಡ್ಡದಾದ್ದರಿಂದ ಆಪ್ ಆಂಪ್ ತೂಗಾಡದಂತೆ ಗೇಟ್‌ಗೆ ಸರಣಿಯಲ್ಲಿ ಒಂದು ಕಿಲೋಓಮ್ ರೆಸಿಸ್ಟರ್ ಹಾಕಿ, ಆಪ್ ಆಂಪ್‌ನ ಔಟ್‌ಪುಟ್‌ನಿಂದ ಇನ್ವರ್ಟಿಂಗ್ ಇನ್‌ಪುಟ್‌ಗೆ ಚಿಕ್ಕ ಕೆಪ್ಯಾಸಿಟರ್ ಕೊಟ್ಟಿದ್ದೇನೆ.

ಪವರ್ ಸಪ್ಲೈ ಬಗ್ಗೆ ಒಂದು ಎಚ್ಚರಿಕೆ. ಪ್ಯಾನೆಲ್‌ನಲ್ಲಿ ಎರಡೂ ಚಾನೆಲ್‌ಗಳ ಮೈನಸ್ ತುದಿಗಳು 24 ವೋಲ್ಟ್ ಸಪ್ಲೈಯ ಎಂ ಬಾರಿಗೆ (ಸೊನ್ನೆ ವೋಲ್ಟ್ ಪಟ್ಟಿಗೆ) ಸೇರಿವೆ. ಎರಡು ಕರೆಂಟ್ ಮೂಲಗಳಿಗೂ ಒಂದೇ ಸಪ್ಲೈ ಹಂಚಿದರೆ ಅವುಗಳ ಕರೆಂಟುಗಳು ಎಂ ಬಾರಿನಲ್ಲಿ ಬೆರೆತುಹೋಗಿ, ಒಂದರ ಗುಂಡಿ ತಿರುಗಿಸಿದರೆ ಇನ್ನೊಂದರ ಅಳತೆ ಅಲುಗಾಡುತ್ತದೆ. ಅದಕ್ಕಾಗಿ ಪ್ರತಿ ಚಾನೆಲ್‌ಗೂ ಒಂದು ವ್ಯಾಟ್‌ನ ಪ್ರತ್ಯೇಕ ಐಸೊಲೇಟೆಡ್ ಡಿಸಿ-ಡಿಸಿ ಮಾಡ್ಯೂಲ್ ಹಾಕಿ, ಒಂದೇ ವಿನ್ಯಾಸದ ಎರಡು ಬೇರೆ ಬೋರ್ಡ್‌ಗಳನ್ನು ಮಾಡಿದೆ. ಒಂದು ವ್ಯಾಟ್ ಎಂದರೆ 24 ವೋಲ್ಟ್‌ನಲ್ಲಿ ಸುಮಾರು 41 ಮಿಲಿಆಂಪ್; ನಮ್ಮ ಅಗತ್ಯಕ್ಕೆ ಸಾಕು.

ಪೆಟ್ಟಿಗೆಯ ಮುಖದ ಮೇಲೆ ಪ್ರತಿ ಚಾನೆಲ್‌ಗೆ ಮೂರು ಸ್ಥಾನಗಳ ರೋಟರಿ ಸ್ವಿಚ್ ಇದೆ: ಫೀಲ್ಡ್, ಸಿಮ್ಯುಲೇಟ್, ಓಪನ್. ಮೊದಲನೆಯದರಲ್ಲಿ ನಿಜವಾದ ಟ್ರಾನ್ಸ್‌ಮಿಟರ್ ಹಾದುಹೋಗುತ್ತದೆ, ಎರಡನೆಯದರಲ್ಲಿ ಪೆಟ್ಟಿಗೆಯ ಕರೆಂಟು, ಮೂರನೆಯದರಲ್ಲಿ ಲೂಪ್ ಪೂರ್ತಿ ಕತ್ತರಿಸುತ್ತದೆ. ಈ ಮೂರನೆಯ ಸ್ಥಾನಕ್ಕೆ ತಗಲುವ ಖರ್ಚು ಏನೂ ಇಲ್ಲ, ಆದರೆ ನನ್ನ ದೃಷ್ಟಿಯಲ್ಲಿ ಪೆಟ್ಟಿಗೆಯ ಅತ್ಯಂತ ಬೆಲೆಬಾಳುವ ಭಾಗ ಅದೇ. ಡಿಜಿಟಲ್ ಇನ್‌ಪುಟ್‌ಗಳಿಗೆ 24 ವೋಲ್ಟ್ ಕೊಡುವ ಟಾಗಲ್ ಸ್ವಿಚ್‌ಗಳ ಒಂದು ಸಾಲು ಇದೆ. ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

ಟರ್ಮಿನಲ್‌ನಿಂದ ಪರೀಕ್ಷೆ

ಎರಡೂ ಮೋಟಾರುಗಳ ಎಂಸಿಸಿಬಿಗಳನ್ನು (ಸರ್ಕ್ಯೂಟ್ ಬ್ರೇಕರ್‌ಗಳನ್ನು) ಇಳಿಸಿ ಬೀಗ ಹಾಕಿ, ಕಂಟ್ರೋಲ್ ಸಪ್ಲೈ ಮಾತ್ರ ಉಳಿಸಿಕೊಂಡೆವು. ಹೀಗೆ ಮಾಡಿದರೆ ಕಾಂಟ್ಯಾಕ್ಟರ್ ಎಳೆಯುವುದು ಕಾಣುತ್ತದೆ, ಕೇಳುತ್ತದೆ, ಮೋಟಾರು ಮಾತ್ರ ತಿರುಗುವುದಿಲ್ಲ. ಮೇಲಿನ ಟ್ಯಾಂಕಿನ ಚಾನೆಲ್ ಅನ್ನು ಕಡಿಮೆ ಮಟ್ಟಕ್ಕೆ ಇಟ್ಟು ಪಂಪಿಗೆ ಬೇಡಿಕೆ ಹುಟ್ಟಿಸಿ, ಸಂಪಿನ ಗುಂಡಿಯನ್ನು 12 ಮಿಲಿಆಂಪ್‌ಗೆ ತಂದಾಗ ಪರದೆ 2.00 ಮೀಟರ್ ತೋರಿಸಿತು, ಒಂದನೇ ಕಾಂಟ್ಯಾಕ್ಟರ್ ಎಳೆಯಿತು.

ಅಲ್ಲಿಂದ ಗುಂಡಿಯನ್ನು ನಿಧಾನವಾಗಿ ಕೆಳಗಿಳಿಸಿದೆ. 6.4 ಮಿಲಿಆಂಪ್‌ನಲ್ಲಿ ಮಟ್ಟ 0.60 ಮೀಟರ್ ಆಗಿ ಕಾಂಟ್ಯಾಕ್ಟರ್ ಬಿಟ್ಟಿತು. 4 ಮಿಲಿಆಂಪ್‌ನಲ್ಲಿ ಸೊನ್ನೆ. ಇನ್ನೂ ಇಳಿಸಿದಂತೆ ಮಟ್ಟ ಋಣ ಸಂಖ್ಯೆಗೆ ಹೋಯಿತು. 3 ಮಿಲಿಆಂಪ್‌ಗೆ −0.25 ಮೀಟರ್, 2 ಮಿಲಿಆಂಪ್‌ಗೆ −0.50. ಪಂಪ್ ಆಫ್ ಆಗಿಯೇ ಇತ್ತು. −0.70ರವರೆಗೆ ಇಳಿದ ಅಂಕಿ, ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಲೇ, ಒಮ್ಮೆಲೇ 4.74ಕ್ಕೆ ಹಾರಿತು, ಅದರ ಹಿಂದೆಯೇ ಕಾಂಟ್ಯಾಕ್ಟರ್ "ಟಪ್" ಎಂದು ಎಳೆಯಿತು. ಆಪರೇಟರ್ ಬಾಯಿಂದ ಬಂದ ಅಂಕಿ ಎರಡು ದಶಾಂಶ ಸ್ಥಾನಗಳವರೆಗೂ ಸರಿಯಾಗಿಯೇ ಇತ್ತು. ಸ್ವಿಚ್ ಅನ್ನು ಓಪನ್ ಸ್ಥಾನಕ್ಕೆ ತಿರುಗಿಸಿದಾಗಲೂ ಇದೇ ಫಲಿತಾಂಶ.

ಹೋಲಿಕೆಗಾಗಿ, ಪೆಟ್ಟಿಗೆಯನ್ನು ಫೀಲ್ಡ್ ಸ್ಥಾನಕ್ಕೆ ಮರಳಿಸಿ ಐಡಬ್ಲ್ಯು96:ಪಿ ಅನ್ನು ಸೊನ್ನೆಗೆ ಫೋರ್ಸ್ ಮಾಡಿದೆ. ಪಂಪ್ ನಿಂತಿತು. ಹಳೆಯ ಹಾಳೆಯಲ್ಲಿ ಬರೆದದ್ದು ಸುಳ್ಳಲ್ಲ. ಆ ಪರೀಕ್ಷೆ ನಿಜವಾಗಿಯೂ ಪಾಸಾಗುತ್ತದೆ. ಫೋರ್ಸ್ ಮೌಲ್ಯವನ್ನು 32767ಕ್ಕೆ ಬದಲಿಸಿದಾಗ ಪಂಪ್ ಶುರುವಾಯಿತು. ಯಾವ ಅಂಕಿಯನ್ನು ಫೋರ್ಸ್ ಮಾಡಬೇಕೆಂದು ಗೊತ್ತಿದ್ದವರಿಗೆ ಫೋರ್ಸ್ ಟೇಬಲ್ ಕೂಡ ಸರಿಯಾದ ಉತ್ತರ ಕೊಡುತ್ತದೆ, ಆದರೆ ಆ ಅಂಕಿ ಗೊತ್ತಾಗುವುದು ತಂತಿಯನ್ನು ಒಮ್ಮೆ ಕೈಯಾರೆ ಬಿಚ್ಚಿ ನೋಡಿದಾಗ.

ತಂತಿ ಏಕೆ ಕಡಿಯುತ್ತಿತ್ತು ಎಂಬುದು ಮುಂದಿನ ಪ್ರಶ್ನೆ. ಸಂಪಿನ ಬಾಯಿಯ ಪಕ್ಕದ ಜಂಕ್ಷನ್ ಬಾಕ್ಸ್‌ನಲ್ಲಿ ಕೇಬಲ್ ಗ್ಲ್ಯಾಂಡ್ ಸಡಿಲವಾಗಿ, ತೇವ ಒಳಸೇರಿ, ಒಂದು ಟರ್ಮಿನಲ್‌ನ ತಾಮ್ರ ಹಸಿರು ಕಿಲುಬು ಹಿಡಿದಿತ್ತು. ಪಂಪ್ ಅದುರಿದಾಗ ಸಂಪರ್ಕ ಹೋಗಿ ಬರುತ್ತಿತ್ತು. ಬಾಕ್ಸ್, ಗ್ಲ್ಯಾಂಡ್ ಎರಡನ್ನೂ ಬದಲಾಯಿಸಿ, ಹೊಸ ಫೆರೂಲ್ ಒತ್ತಿ, ಗ್ಲ್ಯಾಂಡ್ ಕೆಳಮುಖವಾಗಿ ಬರುವಂತೆ ಗೋಡೆಗೆ ಕೂರಿಸಿದೆವು.

ಪ್ರೋಗ್ರಾಮಿನಲ್ಲಿ ತಿದ್ದಿದ್ದು

ಬಾಕ್ಸ್ ಸರಿಯಾದ ಮಾತ್ರಕ್ಕೆ ಕೆಲಸ ಮುಗಿಯದು. ಇನ್ನೊಂದು ದಿನ ಇನ್ನೊಂದು ತಂತಿ ಕಡಿಯುತ್ತದೆ. ಪ್ರಕ್ರಿಯಾ ಕೈಗಾರಿಕೆಗಳ ಬಳಕೆದಾರರ ನಾಮುರ್ ಸಂಸ್ಥೆಯ ಎನ್‌ಇ 43 ಶಿಫಾರಸಿನಂತೆ ಅಳತೆಯ ಮಾಹಿತಿ 3.8ರಿಂದ 20.5 ಮಿಲಿಆಂಪ್ ಒಳಗೆ ಇರಬೇಕು, 3.6 ಅಥವಾ ಅದಕ್ಕಿಂತ ಕಡಿಮೆ ಮತ್ತು 21 ಅಥವಾ ಅದಕ್ಕಿಂತ ಹೆಚ್ಚು ಎಂದರೆ ದೋಷ. ಮಾಡ್ಯೂಲಿನ ಅಂಕಿಯಲ್ಲಿ ಈ 3.6 ಮತ್ತು 21ರ ಗಡಿಗಳು −691 ಮತ್ತು 29376. ಮೀಟರ್‌ಗೆ ಪರಿವರ್ತಿಸುವ ಮೊದಲೇ ಮೂಲ ಅಂಕಿಯನ್ನು ಈ ಎರಡು ಗಡಿಗಳೊಂದಿಗೆ ಹೋಲಿಸಿ, 2 ಸೆಕೆಂಡು ಹೊರಗೇ ಇದ್ದರೆ ಸೆನ್ಸರ್ ದೋಷವೆಂದು ಲ್ಯಾಚ್ ಮಾಡುವ (ತಾನಾಗಿ ಅಳಿಯದಂತೆ ಹಿಡಿದಿಡುವ) ಒಂದು ಫಂಕ್ಷನ್ ಬ್ಲಾಕ್ ಬರೆದೆ. ಸಂಪರ್ಕ ಹೋಗಿಬರುವ ದೋಷವಾದ್ದರಿಂದ ಲ್ಯಾಚ್ ಅಗತ್ಯ; ಆಪರೇಟರ್ ಬಂದು ಒಪ್ಪಿಕೊಳ್ಳುವವರೆಗೆ ಪಂಪ್ ಮತ್ತೆ ಶುರುವಾಗಬಾರದು. ಸಂಪಿನ ಸೆನ್ಸರ್ ದೋಷವಿದ್ದರೆ ಎರಡೂ ಪಂಪುಗಳು ನಿಲ್ಲುತ್ತವೆ, ಹೂಟರ್ ಕೂಗುತ್ತದೆ, ಪರದೆಯಲ್ಲಿ ಮೀಟರ್ ಅಂಕಿಯ ಬದಲು "ಸೆನ್ಸರ್ ದೋಷ" ಎಂದು ಬರುತ್ತದೆ. ಮಾಡ್ಯೂಲಿನ ವೈರ್ ಬ್ರೇಕ್ ಎಚ್ಚರಿಕೆಯನ್ನೂ ಆನ್ ಮಾಡಿದೆ.

ಇದೇ ಬ್ಲಾಕ್‌ನಲ್ಲಿ ಮೌಲ್ಯ ಬದಲಿಸಿ ಪರೀಕ್ಷಿಸುವ ವ್ಯವಸ್ಥೆಯನ್ನೂ ಸೇರಿಸಿದ್ದೇನೆ, ಏಕೆಂದರೆ ಮುಂದೆ ನಿರ್ವಹಣೆಗೆ ಬರುವವರೆಲ್ಲ ಲ್ಯಾಪ್‌ಟಾಪ್ ತೆರೆದು ಫೋರ್ಸ್ ಮಾಡುವಂತಾಗಬಾರದು. ಐ1.1ಕ್ಕೆ ಜೋಡಿಸಿದ ಕೀ ಸ್ವಿಚ್ ಅನ್ನು ನಿರ್ವಹಣೆ ಸ್ಥಾನಕ್ಕೆ ತಿರುಗಿಸಿದಾಗ ಮಾತ್ರ ಪರದೆಯಿಂದ ಒಂದು ಸಿಮ್ಯುಲೇಶನ್ ಮೌಲ್ಯ ಕೊಡಬಹುದು. ಆ ಮೌಲ್ಯ ಮೂಲ ಅಂಕಿಯ ರೂಪದಲ್ಲಿಯೇ, ಗಡಿ ಪರೀಕ್ಷೆಗಿಂತ ಮೊದಲು ಒಳಸೇರುತ್ತದೆ. ಮೀಟರ್ ರೂಪದಲ್ಲಿ, ಪರಿವರ್ತನೆಯ ನಂತರ ಸೇರಿಸಿದರೆ ಬಳಸಲು ಸುಲಭ, ಆದರೆ ಆಗ ದೋಷ ಪತ್ತೆ ಮಾಡುವ ಭಾಗವೇ ಪರೀಕ್ಷೆಯಿಂದ ತಪ್ಪಿಸಿಕೊಳ್ಳುತ್ತದೆ. ಸಿಮ್ಯುಲೇಶನ್ ಇರುವಷ್ಟು ಹೊತ್ತು ಪರದೆಯ ಮೇಲ್ತುದಿಯಲ್ಲಿ ಹಳದಿ ಪಟ್ಟಿ ಇರುತ್ತದೆ. 15 ನಿಮಿಷವಾದರೆ ತಾನಾಗಿಯೇ ರದ್ದಾಗುತ್ತದೆ. ಆ ಬಿಟ್ ರಿಟೆಂಟಿವ್ ಅಲ್ಲದ್ದರಿಂದ ಕರೆಂಟು ಹೋಗಿ ಬಂದರೂ ಉಳಿಯುವುದಿಲ್ಲ.

ಸಿಪಿಯುನ ಫೋರ್ಸ್ ಹಾಗಲ್ಲ. ಟಿಐಎ ಪೋರ್ಟಲ್ (ಸೀಮೆನ್ಸ್‌ನ ಪ್ರೋಗ್ರಾಮಿಂಗ್ ತಂತ್ರಾಂಶ) ಮುಚ್ಚಿ, ಕೇಬಲ್ ಕಿತ್ತು, ಮನೆಗೆ ಹೋದರೂ ಅದು ಸಿಪಿಯುನಲ್ಲಿ ಜಾರಿಯಲ್ಲಿರುತ್ತದೆ. ಮತ್ತೆ ಆನ್‌ಲೈನ್ ಆಗಿ ಫೋರ್ಸ್ ಟೇಬಲ್‌ನಿಂದಲೇ ನಿಲ್ಲಿಸಬೇಕು. ಹೊರಗಿನಿಂದ ಕಾಣುವ ಗುರುತು ಸಿಪಿಯು ಮುಖದ ಮೇಲಿನ ಹಳದಿ ಮೇಂಟ್ ದೀಪ ಒಂದೇ. ರಾಕ್‌ವೆಲ್‌ನ ಕಂಟ್ರೋಲ್‌ಲಾಜಿಕ್ಸ್‌ನಲ್ಲಿ ಇದಕ್ಕೆಂದೇ ಫೋರ್ಸ್ ಹೆಸರಿನ ದೀಪವಿದೆ, ಫೋರ್ಸ್ ನಮೂದಾಗಿದ್ದು ಜಾರಿಯಾಗಿರದಿದ್ದರೆ ಮಿನುಗುತ್ತದೆ, ಜಾರಿಯಾಗಿದ್ದರೆ ಸ್ಥಿರವಾಗಿ ಉರಿಯುತ್ತದೆ. ಆ ವ್ಯತ್ಯಾಸ ಬಹಳ ಉಪಯುಕ್ತ. ಎಲ್ಲ ತಯಾರಕರೂ ಹಾಗೆ ಕೊಟ್ಟಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸುತ್ತದೆ.

ಔಟ್‌ಪುಟ್ ಫೋರ್ಸ್‌ನ ಅಪಾಯ

ಔಟ್‌ಪುಟ್ ಫೋರ್ಸ್ ಅನ್ನು ಈ ಕೆಲಸದಲ್ಲಿ ಬಳಸಿದ್ದು ಕಾಂಟ್ಯಾಕ್ಟರ್ ಮತ್ತು ಹೂಟರ್‌ವರೆಗಿನ ವೈರಿಂಗ್ ನೋಡಲು ಮಾತ್ರ. ಒಂದನೇ ಪಂಪಿನ ಔಟ್‌ಪುಟ್ ಆದ ಕ್ಯೂ0.0:ಪಿ ಅನ್ನು ಟ್ರೂ ಎಂದು ಫೋರ್ಸ್ ಮಾಡಿದಾಗ ಕಂಡದ್ದನ್ನು ಇಲ್ಲಿ ಬರೆದಿಡಬೇಕು. ಕಾಂಟ್ಯಾಕ್ಟರ್ ಎಳೆಯಿತು. ಆದರೆ ವಾಚ್ ಟೇಬಲ್‌ನಲ್ಲಿ ಕ್ಯೂ0.0 ಫಾಲ್ಸ್ ಆಗಿಯೇ ಉಳಿಯಿತು, ಏಕೆಂದರೆ ಪ್ರೋಗ್ರಾಂ ಬರೆದ ಮೌಲ್ಯ ಅದೇ. ಪರದೆಯ ಪಂಪ್ ಚಿಹ್ನೆ ಕ್ಯೂ0.0 ಅನ್ನು ಓದುವುದರಿಂದ "ಪಂಪ್ 1 ನಿಂತಿದೆ" ಎಂದೇ ತೋರಿಸುತ್ತಿತ್ತು. ಕಾಂಟ್ಯಾಕ್ಟರ್‌ನ 13-14 ಸಹಾಯಕ ಸಂಪರ್ಕದಿಂದ ಐ0.4ಕ್ಕೆ ಬರುವ ಫೀಡ್‌ಬ್ಯಾಕ್ ಮಾತ್ರ ನಿಜ ಹೇಳುತ್ತಿತ್ತು. ಚಿಹ್ನೆಯನ್ನು ಆ ಫೀಡ್‌ಬ್ಯಾಕ್‌ಗೆ ಬದಲಿಸಿ, ಎರಡರ ನಡುವೆ ವ್ಯತ್ಯಾಸ ಬಂದರೆ ಅಲಾರಂ ಬರುವಂತೆ ಮಾಡಿದೆ.

ಫೋರ್ಸ್ ಆದ ಔಟ್‌ಪುಟ್‌ಗೆ ಪ್ರೋಗ್ರಾಮಿನ ಯಾವ ಇಂಟರ್‌ಲಾಕ್ (ತಡೆಯುವ ಷರತ್ತು) ಕೂಡ ಅನ್ವಯಿಸುವುದಿಲ್ಲ. ಸಂಪು ಖಾಲಿಯಿರಲಿ, ಓವರ್‌ಲೋಡ್ ಟ್ರಿಪ್ ಆಗಿರುವುದನ್ನು ಇನ್‌ಪುಟ್ ಹೇಳುತ್ತಿರಲಿ, ಔಟ್‌ಪುಟ್ ಆನ್ ಆಗಿಯೇ ಇರುತ್ತದೆ. ಆದ್ದರಿಂದ ಓವರ್‌ಲೋಡ್ ರಿಲೇಯ 95-96 ಸಂಪರ್ಕ, ಎಮರ್ಜೆನ್ಸಿ ಸ್ಟಾಪ್ ಬಟನ್ ಮತ್ತು ಸಿಂಗಲ್ ಫೇಸ್ ಪ್ರಿವೆಂಟರ್ (ಒಂದು ಫೇಸ್ ಹೋದರೆ ಮೋಟಾರು ನಿಲ್ಲಿಸುವ ರಿಲೇ) ಇವು ಪಿಎಲ್‌ಸಿಯ ಮೂಲಕವಲ್ಲದೆ ನೇರವಾಗಿ ಕಾಂಟ್ಯಾಕ್ಟರ್ ಕಾಯಿಲ್‌ನ ಸರಣಿಯಲ್ಲಿ ಇರಬೇಕು. ಇಲ್ಲಿ ಪ್ರಿವೆಂಟರ್‌ನ ಸಂಪರ್ಕ ಐ1.0 ಇನ್‌ಪುಟ್‌ಗೆ ಮಾತ್ರ ಹೋಗಿತ್ತು; ಅದನ್ನು ಕಾಯಿಲ್ ಸರಣಿಗೂ ಸೇರಿಸಿದೆವು. ನಂತರ ಕ್ಯೂ0.0 ಅನ್ನು ಫೋರ್ಸ್ ಮಾಡಿಯೇ ಇಟ್ಟು ಎಮರ್ಜೆನ್ಸಿ ಬಟನ್ ಒತ್ತಿ, ಓವರ್‌ಲೋಡ್‌ನ ಟೆಸ್ಟ್ ಗುಂಡಿ ಒತ್ತಿ, ಒಂದು ಫೇಸ್ ತೆಗೆದು, ಪ್ರತಿ ಸಲವೂ ಕಾಂಟ್ಯಾಕ್ಟರ್ ಬಿಡುವುದನ್ನು ನೋಡಿದೆವು. ಔಟ್‌ಪುಟ್ ಫೋರ್ಸ್‌ಗೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ತಿಳಿದಿಲ್ಲ: ಸಾಫ್ಟ್‌ವೇರ್ ಸಂಪೂರ್ಣ ತಪ್ಪು ಹೇಳುತ್ತಿರುವಾಗಲೂ ತಂತಿಯ ಮಟ್ಟದ ರಕ್ಷಣೆ ಕೆಲಸ ಮಾಡುತ್ತದೆಯೇ ಎಂದು ಅದು ತೋರಿಸುತ್ತದೆ. ಪ್ರಕ್ರಿಯಾ ಕೈಗಾರಿಕೆಗಳ ಸುರಕ್ಷತಾ ವ್ಯವಸ್ಥೆಗಳ ಐಇಸಿ 61511 ಮಾನದಂಡ ಇಂಥ ಫೋರ್ಸ್‌ಗೆ ಲಿಖಿತ ಕ್ರಮವನ್ನೂ ಪ್ರವೇಶ ನಿಯಂತ್ರಣವನ್ನೂ ಬಯಸುವುದು ಇದೇ ಕಾರಣಕ್ಕೆ. ಅಪಾರ್ಟ್‌ಮೆಂಟ್ ಪಂಪ್ ಹೌಸ್‌ಗೆ ಆ ಮಾನದಂಡ ಅನ್ವಯಿಸದಿದ್ದರೂ ಒಂದು ಹಾಳೆಯ ಶಿಸ್ತು ಇಲ್ಲಿಯೂ ಇರಬೇಕೆಂದು ನಾನು ಒತ್ತಾಯಿಸಿದೆ.

ಫ್ಲೋ ಮೀಟರ್‌ನ ಪಲ್ಸ್

ಐ0.0 ಇನ್‌ಪುಟ್‌ಗೆ ನೀರಿನ ಫ್ಲೋ ಮೀಟರ್‌ನ ಪಲ್ಸ್ ಬರುತ್ತದೆ, ಅದನ್ನು ಹೈ ಸ್ಪೀಡ್ ಕೌಂಟರ್‌ಗೆ ಕೊಡಲಾಗಿದೆ. ಹಾಗೆ ಕೌಂಟರ್‌ಗೆ ಮೀಸಲಾದ ಇನ್‌ಪುಟ್ ಅನ್ನು ಎಸ್7-1200 ಫೋರ್ಸ್ ಮಾಡಲು ಬಿಡುವುದಿಲ್ಲ. ಆದ್ದರಿಂದ ಸಿಗ್ನಲ್ ಜನರೇಟರ್‌ನಿಂದ 24 ವೋಲ್ಟ್ ಚೌಕ ತರಂಗ ಕೊಟ್ಟು ನೋಡಬೇಕಾಯಿತು. 50 ಹರ್ಟ್ಜ್‌ನಲ್ಲಿ ಎಣಿಕೆ ಸರಿಯಾಗಿತ್ತು. 100 ಹರ್ಟ್ಜ್‌ಗೆ ಏರಿಸಿದಾಗ ಎಣಿಕೆ ನಿಂತೇಹೋಯಿತು. ಕಾರಣ ಇನ್‌ಪುಟ್ ಫಿಲ್ಟರ್. ಅದರ ಮೂಲ ಸೆಟ್ಟಿಂಗ್ 6.4 ಮಿಲಿಸೆಕೆಂಡ್, 100 ಹರ್ಟ್ಜ್ ಪಲ್ಸ್‌ನ ಆನ್ ಭಾಗ 5 ಮಿಲಿಸೆಕೆಂಡ್ ಮಾತ್ರ ಇರುವುದರಿಂದ ಫಿಲ್ಟರ್ ಅದನ್ನು ಗದ್ದಲವೆಂದು ತಳ್ಳಿಹಾಕುತ್ತದೆ. ಫಿಲ್ಟರ್ ಅನ್ನು 0.8 ಮಿಲಿಸೆಕೆಂಡ್‌ಗೆ ಇಳಿಸಿದ ಮೇಲೆ ಎಣಿಕೆ ಸರಿಹೋಯಿತು. ಎರಡೂ ಪಂಪುಗಳು ಒಟ್ಟಿಗೆ ಓಡಿದ ದಿನಗಳಲ್ಲಿ ನೀರಿನ ಲೆಕ್ಕ ಕಡಿಮೆ ಬರುತ್ತಿತ್ತು ಎಂದು ಆಪರೇಟರ್ ಹೇಳಿದ್ದಕ್ಕೂ ಇದೇ ಕಾರಣವಿರಬಹುದು; ಮುಂದಿನ ತಿಂಗಳ ಲೆಕ್ಕ ಬಂದಾಗ ತಿಳಿಯುತ್ತದೆ.

ಹಸ್ತಾಂತರ

ಕೊನೆಯ ಸುತ್ತಿನಲ್ಲಿ ಹೊಸ ಪ್ರೋಗ್ರಾಮಿನೊಂದಿಗೆ ಎಲ್ಲವನ್ನೂ ಮತ್ತೊಮ್ಮೆ ಟರ್ಮಿನಲ್‌ನಿಂದಲೇ ನಡೆಸಿದೆವು. 6.4 ಮಿಲಿಆಂಪ್‌ಗೆ ಪಂಪ್ ನಿಂತಿತು, 8.8ಕ್ಕೆ, ಅಂದರೆ 1.2 ಮೀಟರ್‌ಗೆ, ಮತ್ತೆ ಶುರುವಾಯಿತು. 3.5ಕ್ಕೆ, 21.2ಕ್ಕೆ ಮತ್ತು ಓಪನ್ ಸ್ಥಾನಕ್ಕೆ, ಮೂರಕ್ಕೂ 2 ಸೆಕೆಂಡಿನ ನಂತರ ಸೆನ್ಸರ್ ದೋಷ ಬಂದು ಪಂಪ್ ಬಿಟ್ಟಿತು, ಮತ್ತೆ ಹಿಡಿಯಲಿಲ್ಲ. ಬಳಿಕ ಸಂಪಿನ ಜಂಕ್ಷನ್ ಬಾಕ್ಸ್‌ನಲ್ಲಿಯೇ ಒಂದು ತಂತಿ ಬಿಚ್ಚಿ ಅದನ್ನೇ ಇನ್ನೊಮ್ಮೆ ನೋಡಿದೆವು. ಹಳೆಯ ಹಾಳೆಯ ಜಾಗದಲ್ಲಿ ಈಗ ಹೊಸದೊಂದು ಹಾಳೆ ಇದೆ. ಅದರಲ್ಲಿ ಪ್ರತಿ ಪರೀಕ್ಷೆಯ ಎದುರು ಮೌಲ್ಯವನ್ನು ಎಲ್ಲಿಂದ ಕೊಡಲಾಯಿತು ಎಂಬ ಒಂದು ಕಾಲಂ ಸೇರಿಸಿದ್ದೇನೆ: ಟ್ರಾನ್ಸ್‌ಮಿಟರ್, ಜಂಕ್ಷನ್ ಬಾಕ್ಸ್, ಟರ್ಮಿನಲ್, ಸಿಮ್ಯುಲೇಶನ್, ಫೋರ್ಸ್. ಕೊನೆಯ ಸಾಲಿನಲ್ಲಿ ಫೋರ್ಸ್ ಟೇಬಲ್ ಖಾಲಿ ಇರುವುದಕ್ಕೂ ಮೇಂಟ್ ದೀಪ ಆರಿರುವುದಕ್ಕೂ ಇಬ್ಬರ ಸಹಿ.

ಬಾಕಿ ಉಳಿದಿರುವುದು ಮೇಲಿನ ಟ್ಯಾಂಕಿನ ಕೆಲಸ. ಅದರ ಸೆನ್ಸರ್ ದೋಷ ಬಂದರೆ ಈಗ ಪಂಪ್ ನಿಂತು ಹೂಟರ್ ಕೂಗುತ್ತದೆ. ರಾತ್ರಿ ಹೀಗಾದರೆ ಬೆಳಿಗ್ಗೆ ಮನೆಗಳಿಗೆ ನೀರಿರುವುದಿಲ್ಲ. ಅಲ್ಲಿ ಎರಡು ಫ್ಲೋಟ್ ಸ್ವಿಚ್ ಇಳಿಸಿ, ಸೆನ್ಸರ್ ಇಲ್ಲದಿದ್ದಾಗ ಅವುಗಳ ಮೇಲೆ ಪಂಪ್ ನಡೆಯುವಂತೆ ಮಾಡಲು ಐ1.2 ಮತ್ತು ಐ1.3 ಅನ್ನು ಖಾಲಿ ಇಟ್ಟಿದ್ದೇನೆ. ಮೇಲಿನ ಫ್ಲೋಟ್ ಟ್ಯಾಂಕ್ ತುಂಬಿದಾಗ ತೆರೆದುಕೊಳ್ಳುವಂಥದ್ದಾಗಿರಬೇಕು, ಆಗ ಅದರ ತಂತಿ ಕಡಿದರೂ ಟ್ಯಾಂಕ್ ಉಕ್ಕಿ ಹರಿಯದು. ಕೇಬಲ್ ಎಳೆಯಲು ಸಮಿತಿಯವರ ಒಪ್ಪಿಗೆ ಸಿಕ್ಕಿದೆ.